ಗಡುವು ಮತ್ತು ನದಿ: ಶ್ರೀರಂಗಪಟ್ಟಣ 1798–99, ಸಿರಿಯಾ 2013

ಆಯುಧ ಬಿಟ್ಟುಕೊಟ್ಟರೆ ದಾಳಿ ನಿಲ್ಲುತ್ತದೆ ಎಂಬ ಭರವಸೆಯ ಮೇಲೆ ನಡೆಯುವ ರಾಜತಂತ್ರಕ್ಕೆ ಇಪ್ಪತ್ತೊಂದನೆಯ ಶತಮಾನದ ಪ್ರಸಿದ್ಧ ಉದಾಹರಣೆ 2013ರ ಸಿರಿಯಾ. ಆದರೆ ಅಂಥ ಮಾತುಕತೆ ಯಾವಾಗ ಫಲಿಸುತ್ತದೆ, ಯಾವಾಗ ಯುದ್ಧಕ್ಕೆ ಪೀಠಿಕೆಯಷ್ಟೇ ಆಗುತ್ತದೆ ಎಂಬುದನ್ನು ಅರಿಯಲು ಕಾವೇರಿ ತೀರದ ಒಂದು ಹಳೆಯ ಪ್ರಕರಣ ಹೆಚ್ಚು ನೆರವಾಗುತ್ತದೆ. ಟೀಪು ಸುಲ್ತಾನನಿಗೂ ಈಸ್ಟ್ ಇಂಡಿಯಾ ಕಂಪನಿಗೂ ನಡುವೆ 1798ರ ನವೆಂಬರಿನಿಂದ 1799ರ ಏಪ್ರಿಲ್‌ವರೆಗೆ ನಡೆದ ಪತ್ರವ್ಯವಹಾರವನ್ನು ಯುದ್ಧಚರಿತ್ರೆಯ ಅಡಿಟಿಪ್ಪಣಿಯಂತೆ ಓದುವುದೇ ರೂಢಿ. ಅದನ್ನು ನಿಶ್ಶಸ್ತ್ರೀಕರಣದ ಮಾತುಕತೆಯೆಂದು ಓದಬೇಕೆಂಬುದು ಈ ಲೇಖನದ ವಾದ.

ಹಿನ್ನೆಲೆಗೆ 1792ಕ್ಕೆ ಹೋಗಬೇಕು. ಆ ಫೆಬ್ರವರಿಯಲ್ಲಿ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ. ಕೋಟೆ ಬೀಳುವ ಮೊದಲೇ ಒಪ್ಪಂದವಾಯಿತು. ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಒತ್ತೆಯಾಗಿ ಇಬ್ಬರು ಮಕ್ಕಳು: ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್. ಇಬ್ಬರೂ ಹತ್ತರ ಆಸುಪಾಸಿನ ಹುಡುಗರು. ಕೋಟೆಯೊಳಗಿನವರ ಪಾಲಿಗೆ ದಾಳಿ ತಪ್ಪಿತು, ಹೊರಗಿನ ಸೀಮೆಗೆ ತಪ್ಪಲಿಲ್ಲ. ನಾಗಮಂಗಲ ಸೀಮೆಯ ಮುಖ್ಯ ಪಟ್ಟಣವನ್ನು ಪರಶುರಾಮ ಭಾವುವಿನ ಮರಾಠಾ ದಂಡು ಹಾಳುಗೆಡವಿದ್ದು ಇದೇ ಯುದ್ಧದಲ್ಲಿ. ಕೋಟೆಯನ್ನು ಮಾತ್ರ ನೋಡಿ ಬರೆದ ಚರಿತ್ರೆ ಈ ಊರುಗಳನ್ನು ಮರೆಯುತ್ತದೆ. ಇದನ್ನು ಒತ್ತಿ ಹೇಳಲೇಬೇಕು. ಟೀಪು ಹಣ ಕಟ್ಟಿದ, 1794ರಲ್ಲಿ ಮಕ್ಕಳು ಹಿಂದಿರುಗಿದರು. ಅಂದರೆ ಮೊದಲ ಕರಾರು ನಡೆದೇ ನಡೆಯಿತು.

ಎರಡನೆಯ ಬಿಕ್ಕಟ್ಟಿಗೆ ನೆಪ ಒದಗಿದ್ದು ಮಾರಿಷಸ್‌ನಿಂದ. 1798ರ ಜನವರಿ 30ರಂದು ಅಲ್ಲಿನ ಫ್ರೆಂಚ್ ಗವರ್ನರ್ ಮಲಾರ್ತಿಕ್, ಟೀಪುವಿನ ಸೇವೆಗೆ ಸೇರುವವರು ಬನ್ನಿ ಎಂದು ಬಹಿರಂಗ ಪ್ರಕಟಣೆ ಹೊರಡಿಸಿದ. ಗುಟ್ಟಾಗಿರಬೇಕಿದ್ದ ಮಾತು ಬೀದಿಗೆ ಬಿತ್ತು. ಮಂಗಳೂರಿಗೆ ಬಂದಿಳಿದವರು ನೂರರ ಆಸುಪಾಸು. ಆ ಸಂಖ್ಯೆಯಿಂದ ಮದರಾಸಿಗೆ ಅಪಾಯವಿತ್ತೆಂದು ವಾದಿಸುವುದು ಕಷ್ಟ. ಹಾಗೆಂದು ಟೀಪು ನಿರ್ದೋಷಿಯೆನ್ನಲೂ ಆಗದು. ಫ್ರೆಂಚರ ನೆರವನ್ನು ಅವನು ಬಯಸಿದ್ದ, ಕೇಳಿದಾಗ ಮರೆಮಾಚಿದ.

ಹೊಸ ಗವರ್ನರ್ ಜನರಲ್ ಮಾರ್ನಿಂಗ್ಟನ್ ಮೊದಲು ಕೈ ಹಾಕಿದ್ದು ಹೈದರಾಬಾದಿಗೆ. ಸೆಪ್ಟೆಂಬರ್ 1ರಂದು ನಿಜಾಮನೊಡನೆ ಒಪ್ಪಂದವಾಯಿತು, ಅಕ್ಟೋಬರ್ 22ರಂದು ಫ್ರೆಂಚ್ ಅಧಿಕಾರಿಗಳ ಕೈಕೆಳಗಿದ್ದ ಹತ್ತು ಸಾವಿರಕ್ಕೂ ಹೆಚ್ಚು ಸಿಪಾಯಿಗಳ ಪಡೆಯನ್ನು ರಕ್ತ ಹರಿಸದೆ ನಿರಾಯುಧಗೊಳಿಸಲಾಯಿತು. ಅಲ್ಲಿ ಬೇಡಿಕೆ ಒಂದೇ, ಅದಕ್ಕೊಂದು ಕೊನೆಯಿತ್ತು, ಒಪ್ಪಿದವನಿಗೆ ರಕ್ಷಣೆಯ ಪ್ರತಿಫಲವೂ ಇತ್ತು. ಅದೇ ಮಾರ್ನಿಂಗ್ಟನ್ ಮೈಸೂರಿನ ಮುಂದೆ ಇಟ್ಟದ್ದು ಅಂಥ ಬೇಡಿಕೆಯಲ್ಲ. ನವೆಂಬರ್ 8ರ ಪತ್ರದಲ್ಲಿ ಮೇಜರ್ ಡವ್ಟನ್‌ನನ್ನು ಮಾತುಕತೆಗೆ ಕಳುಹಿಸುವ ಸೂಚನೆಯಿತ್ತು. ಆದರೆ ಏನು ಕೊಟ್ಟರೆ ಸಾಕು ಎಂಬುದು ಅದರಲ್ಲಿರಲಿಲ್ಲ. ಬಂದದ್ದೊಂದು ವ್ಯಾಪಾರಿ ಹಡಗು ಎಂಬ ಧಾಟಿಯಲ್ಲಿ ಟೀಪು ಉತ್ತರಿಸಿದ. 1799ರ ಜನವರಿ 9ರ ಪತ್ರ, ಕೈಸೇರಿದ ಒಂದೇ ದಿನದೊಳಗೆ ಉತ್ತರ ಕೇಳಿತು.

ಇಷ್ಟು ಆತುರವೇಕೆ? ಕಾರಣ ಕಾವೇರಿ. 1791ರ ಮೇ 15ರಂದು ಅರಕೆರೆಯ ಬಳಿ ಗೆದ್ದರೂ ಕಾರ್ನ್‌ವಾಲಿಸ್ ಮಳೆಗೂ ದವಸದ ಅಭಾವಕ್ಕೂ ಸೋತು, ಕನ್ನಂಬಾಡಿಯ ಬಳಿ ತನ್ನ ಭಾರಿ ಫಿರಂಗಿಗಳನ್ನು ತಾನೇ ಒಡೆಸಿ ಹಿಂದಿರುಗಿದ್ದ. ಮುಂಗಾರಿನಲ್ಲಿ ಹೊಳೆ ತುಂಬಿತೆಂದರೆ ದ್ವೀಪದ ಕೋಟೆಗೆ ಮುತ್ತಿಗೆ ಅಸಾಧ್ಯ. ಇದು ಇಬ್ಬರಿಗೂ ಗೊತ್ತಿತ್ತು. ಟೀಪು ಪತ್ರಗಳನ್ನು ಎಳೆದದ್ದು ಮಳೆಗಾಗಿ, ಮಾರ್ನಿಂಗ್ಟನ್ ಗಡುವು ಹಾಕಿದ್ದು ಮಳೆಗೆ ಮುಂಚೆ ಕೋಟೆ ತಲುಪಲು. ಫೆಬ್ರವರಿ 3ರಂದು ಅವನು ಜನರಲ್ ಹ್ಯಾರಿಸ್‌ಗೆ ಮುನ್ನಡೆಯಲು ಅಪ್ಪಣೆ ಕೊಟ್ಟ. ಡವ್ಟನ್‌ನನ್ನು ಕಳುಹಿಸಿ ಎಂಬ ಟೀಪುವಿನ ಒಪ್ಪಿಗೆ ಮದರಾಸು ಮುಟ್ಟಿದ್ದು 13ರಂದು. ನನ್ನ ಪ್ರಕಾರ ಇಡೀ ಪ್ರಕರಣದ ಕೀಲಿ ಈ ಹತ್ತು ದಿನಗಳಲ್ಲಿದೆ. ಆ ಗಡುವು ನಿಶ್ಶಸ್ತ್ರೀಕರಣದ್ದಲ್ಲ, ದಂಡಯಾತ್ರೆಯದು.

ಆಮೇಲೆ ನಡೆದದ್ದು ಬೇಡಿಕೆ ಉಬ್ಬುವ ಕಥೆ. ಮಳವಳ್ಳಿಯಲ್ಲಿ ಮಾರ್ಚ್ 27ರಂದು ಸೋತ ಟೀಪು, ಏಪ್ರಿಲ್ 9ರಂದು ಈ ದಂಡಯಾತ್ರೆಗೆ ಕಾರಣವೇನೆಂದು ಹ್ಯಾರಿಸ್‌ನನ್ನು ಕೇಳಿದ. ಗವರ್ನರ್ ಜನರಲ್‌ನ ಪತ್ರಗಳನ್ನು ನೋಡಿಕೋ ಎಂಬ ಉತ್ತರ ಬಂತು. ಏಪ್ರಿಲ್ 22ರ ಕರಡಿನಲ್ಲಿ ಉಳಿದ ರಾಜ್ಯದ ಅರ್ಧ, ಎರಡು ಕೋಟಿ ರೂಪಾಯಿ, ನಾಲ್ವರು ಮಕ್ಕಳು, ನಾಲ್ವರು ಸರದಾರರು. ಒಪ್ಪಿಗೆಗೆ ಇಪ್ಪತ್ತನಾಲ್ಕು ಗಂಟೆ. ಒತ್ತೆಯಾಳುಗಳಿಗೂ ಒಂದು ಕೋಟಿಗೂ ನಲವತ್ತೆಂಟು. ಏಪ್ರಿಲ್ 28ರಂದು ಟೀಪು ಇಬ್ಬರು ವಕೀಲರನ್ನು ಕಳುಹಿಸುತ್ತೇನೆಂದ; ಹಣ, ಒತ್ತೆಯಾಳುಗಳಿಲ್ಲದೆ ಬಂದರೆ ಮಾತಿಲ್ಲವೆಂದ ಹ್ಯಾರಿಸ್. ಮೇ 4ರಂದು ಕೋಟೆ ಬಿತ್ತು, ಟೀಪು ಸತ್ತ. ಎಷ್ಟು ಫ್ರೆಂಚರಿದ್ದಾರೆಂದು ಎಣಿಸಿ ಹೇಳಬಲ್ಲ ಮೂರನೆಯವರು ಈ ಆರು ತಿಂಗಳಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ. ನಿಜಾಮನೂ ಮರಾಠರೂ ಕಂಪನಿಯ ಮಿತ್ರರೇ ಆಗಿದ್ದರು.

ಸಿರಿಯಾದಲ್ಲಿ ಆ ಮೂರನೆಯವರ ಸ್ಥಾನ ತುಂಬಿತ್ತು. 2013ರ ಆಗಸ್ಟ್ 21ರಂದು ಡಮಾಸ್ಕಸ್ ಬಳಿಯ ಗೌಟಾದಲ್ಲಿ ಸಾರಿನ್ ವಿಷಾನಿಲ ನೂರಾರು ಜನರನ್ನು ಕೊಂದಿತು. ಅಮೆರಿಕ ದಾಳಿಗೆ ಅಣಿಯಾಯಿತು. ಅಸ್ತ್ರ ಒಪ್ಪಿಸಿದರೆ ದಾಳಿ ತಪ್ಪಬಹುದೆಂದು ಸೆಪ್ಟೆಂಬರ್ 9ರಂದು ಅಮೆರಿಕದ ವಿದೇಶಾಂಗ ಸಚಿವ ಜಾನ್ ಕೆರಿ ಆಡಿದ ಒಂದು ಮಾತನ್ನು ರಷ್ಯದ ವಿದೇಶಾಂಗ ಸಚಿವ ಲಾವ್ರೊವ್ ಅದೇ ದಿನ ಪ್ರಸ್ತಾವವಾಗಿಸಿದರು. 14ರಂದು ಜಿನೀವಾದಲ್ಲಿ ಚೌಕಟ್ಟು ಸಿದ್ಧ, 27ರಂದು ಭದ್ರತಾ ಮಂಡಳಿಯ 2118ನೇ ನಿರ್ಣಯ. ಸುಮಾರು 1,300 ಟನ್ ರಾಸಾಯನಿಕಗಳು. ಕೊನೆಯ ಕಂತು 2014ರ ಜೂನ್ 23ರಂದು ದೇಶದಿಂದ ಹೊರಬಿತ್ತು, ಅತ್ಯಂತ ಅಪಾಯಕಾರಿ ಪದಾರ್ಥಗಳನ್ನು ಕೇಪ್ ರೇ ಹಡಗಿನಲ್ಲಿ ನೀರು ಬೆರೆಸಿ ವಿಘಟಿಸಲಾಯಿತು. ಎಣಿಸಿ ಮುದ್ರೆ ಹಾಕಿದ್ದು ಹೇಗ್‌ನ ರಾಸಾಯನಿಕ ಅಸ್ತ್ರ ನಿಷೇಧ ಸಂಸ್ಥೆ. 1997ರಲ್ಲಿ ತನ್ನ ದಾಸ್ತಾನು ಘೋಷಿಸಿದ ಭಾರತವೂ ಅದೇ ಸಂಸ್ಥೆಯ ಕಣ್ಣೆದುರು 2009ರ ವೇಳೆಗೆ ಅದನ್ನು ನಾಶಪಡಿಸಿತ್ತು. ಸಿರಿಯಾದಲ್ಲಿ ಗಡುವಿನ ಅರ್ಥವೇ ಬೇರೆ: ಅದು ನಾಶವಾಗಬೇಕಾದ ವಸ್ತುವಿಗೆ ಹಾಕಿದ್ದು.

ಆದರೂ ಸಿರಿಯಾದ ಘೋಷಣೆ ಪೂರ್ಣವಾಗಿರಲಿಲ್ಲ. 2017ರ ಏಪ್ರಿಲ್ 4ರಂದು ಖಾನ್ ಶೇಖೂನ್‌ನಲ್ಲಿ ಮತ್ತೆ ಸಾರಿನ್. ಮೂರು ದಿನಗಳಲ್ಲಿ 59 ಕ್ಷಿಪಣಿಗಳ ಅಮೆರಿಕನ್ ದಾಳಿ. ಅಲ್ಲಿ ಮಾತು ಮುರಿದದ್ದು ಬಚ್ಚಿಟ್ಟವನಿಂದ. ಇದಕ್ಕೆ ವಿರುದ್ಧ ದಿಕ್ಕಿನ ತೊಡಕು ಲಿಬಿಯಾದ್ದು: 2003ರ ಡಿಸೆಂಬರಿನಲ್ಲಿ ಗಡಾಫಿ ಅಸ್ತ್ರ ಯೋಜನೆಗಳನ್ನು ಕೈಬಿಟ್ಟ, 2011ರ ಮಾರ್ಚ್‌ನಲ್ಲಿ ಅಂತರ್ಯುದ್ಧದ ನಡುವೆ ಅವನ ಮೇಲೆ ಪಾಶ್ಚಾತ್ಯ ಪಡೆಗಳ ದಾಳಿ ನಡೆಯಿತು. ಕಾರಣಗಳು ಬೇರೆಯಾದರೂ ಹಳೆಯ ಕರಾರು ಪಾಲಿಸಿದ್ದು ಅವನ ನೆರವಿಗೆ ಬರಲಿಲ್ಲ. ಮೂರು ಕೋಟಿ ಮೂವತ್ತು ಲಕ್ಷ ಕಟ್ಟಿ ಮಕ್ಕಳನ್ನು ಬಿಡಿಸಿಕೊಂಡಿದ್ದ ಟೀಪುವಿನ ಲೆಕ್ಕಕ್ಕೂ 1798ರ ಪತ್ರಗಳಲ್ಲಿ ಜಮೆ ಸಿಗಲಿಲ್ಲ. ಐದು ವರ್ಷದ ಹಿಂದೆ ಮಕ್ಕಳನ್ನು ಮರಳಿ ಪಡೆದ ತಂದೆ 1799ರ ಏಪ್ರಿಲ್‌ನಲ್ಲಿ ನಾಲ್ವರನ್ನು ಕಳುಹಿಸಲು ಏಕೆ ಮುಂದಾಗಲಿಲ್ಲ ಎಂಬ ಪ್ರಶ್ನೆಯನ್ನು ಅವನ ಹಟದಿಂದಷ್ಟೇ ವಿವರಿಸಿದರೆ ಈ ಹಿಂದಿನ ಅನುಭವ ಲೆಕ್ಕಕ್ಕೆ ಬರುವುದಿಲ್ಲ.