ಪದ ಪರಿಚಯ: ಪತಂಗ

ಪತಂಗ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಸೀಮೆಯಲ್ಲಿ ಇರುಳು ದೀಪಕ್ಕೆರಗುವ, ಎಳೆಹಸುರು ರೆಕ್ಕೆಗಳ ತುದಿಯಲ್ಲಿ ನೀಳ ಬಾಲಗಳನ್ನು ತಳೆದ ಜೀವಿಯನ್ನು ಜನರು ‘ಚಿಟ್ಟೆ’ಯೆಂದೇ ಕರೆದುಬಿಡುವರು, ಗರಿಯಂತಹ ಮೀಸೆಯೇ ಅದು ಪತಂಗವೆಂಬುದಕ್ಕೆ ಸಾಕ್ಷಿ. ಹಾರುವುದೆಂಬರ್ಥದ ‘ಪತ್’ ಧಾತುವಿನಿಂದ ಜನಿಸಿದ ಈ ಸಂಸ್ಕೃತ ಶಬ್ದಕ್ಕೆ ಪಕ್ಷಿ, ಮಿಡತೆ, ಸೂರ್ಯ ಎಂಬ ಪ್ರಾಚೀನಾರ್ಥಗಳೂ ಉಂಟು. ಹಿಂದೀ ಮರಾಠಿಗಳಲ್ಲಿ ಅದೇ ಗಾಳಿಪಟವಾಯಿತು. ನಮ್ಮ ದೇಶ್ಯವಾದ ‘ಹಾತೆ’ಯೇ (ಹಿಂದಿನ ರೂಪ ‘ಪಾತೆ’) ಅದಕ್ಕಿಂತ ಸೊಗಸೆಂದು ನನ್ನ ಮತ.

ಮೇಲೆ ಹೇಳಿದ ಚಂದ್ರಪತಂಗಕ್ಕೆ ಶಾಸ್ತ್ರಜ್ಞರು ಗ್ರೀಕರ ಚಂದ್ರದೇವತೆಯ ಹೆಸರನ್ನಿತ್ತು ‘ಆಕ್ಟಿಯಾಸ್ ಸೆಲೀನ್’ ಎಂದರು. ಉತ್ತರ ಅಮೆರಿಕದ ಅದರ ದಾಯಾದಿ, 1758ರಲ್ಲಿ ಲಿನೀಯಸನು ಹೆಸರಿಸಿದ ‘ಲೂನಾ’, ಲ್ಯಾಟಿನ್ನಿನ ಚಂದ್ರನನ್ನು ಹೊತ್ತಿದೆ. ನಮ್ಮದರ ಬಾಲದಲ್ಲಿ ನಸುಗೆಂಪಿನ ಛಾಯೆಯುಂಟು, ಅಮೆರಿಕದ್ದರ ಬಾಲ ಹಸುರು. ರೆಕ್ಕೆ ಬಂದಮೇಲೆ ಇವೆರಡೂ ಆಹಾರ ಸೇವಿಸವು. ಅನಂತರದ ಆಯುಸ್ಸು ಸುಮಾರು ಒಂದು ವಾರ.