ಭುಜದ ಕೀಲು: ರಚನೆ, ಚಲನೆ ಮತ್ತು ರಕ್ಷಣೆ

ಮಾನವ ದೇಹದ ಕೀಲುಗಳಲ್ಲಿ ಅತಿ ಹೆಚ್ಚು ಚಲನೆಯುಳ್ಳದ್ದು ಭುಜದ ಕೀಲು. ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳ ಅಡಿಕೆ ತೋಟಗಳಲ್ಲಿ ಮರವೇರಿ ಕೊನೆ ಕೊಯ್ಯುವವರು, ಮಳೆಗಾಲದಲ್ಲಿ ಕೊಳೆರೋಗ ತಡೆಯಲು ಬೋರ್ಡೋ ದ್ರಾವಣ ಸಿಂಪಡಿಸುವವರು ಹಾಗೂ ನೆಲದಲ್ಲಿ ನಿಂತು ದೋಟಿ ಬಳಸುವವರು ಈ ಕೀಲಿಗೆ ಹೆಚ್ಚಿನ ಶ್ರಮ ನೀಡುತ್ತಾರೆ. ಆದ್ದರಿಂದ ಇದರ ರಚನೆಯನ್ನು ತಿಳಿದಿರುವುದು ಅವಶ್ಯಕ.

ರಚನೆ

ತೋಳಿನ ಮೂಳೆ, ಹೆಗಲೆಲುಬು ಮತ್ತು ಕೊರಳೆಲುಬು ಎಂಬ 3 ಮೂಳೆಗಳಿಂದ ಭುಜವು ರೂಪುಗೊಂಡಿದೆ. ತೋಳಿನ ಮೂಳೆಯ ದುಂಡನೆಯ ತಲೆಯು ಹೆಗಲೆಲುಬಿನ ಬಟ್ಟಲಿನಂತಹ ತಗ್ಗಿಗೆ ಹೊಂದಿಕೊಂಡಿರುತ್ತದೆ. ತೊಡೆಸಂದಿನ ಕೀಲಿನ ಬಟ್ಟಲು ಆಳವಾಗಿದ್ದರೆ, ಭುಜದ ಬಟ್ಟಲು ಆಳವಿಲ್ಲದ್ದು. ಮೂಳೆಯ ತಲೆಯ ಸುಮಾರು ಮೂರನೇ ಒಂದು ಭಾಗವನ್ನು ಮಾತ್ರ ಅದು ಸ್ಪರ್ಶಿಸುತ್ತದೆ. ಇದರಿಂದ ಕೈಯನ್ನು ಎಲ್ಲ ದಿಕ್ಕುಗಳಿಗೂ ತಿರುಗಿಸಲು ಸಾಧ್ಯವಾಗುತ್ತದೆ. ಆದರೆ ಭದ್ರತೆ ಕಡಿಮೆಯಾಗುತ್ತದೆ. ಬಟ್ಟಲಿನ ಅಂಚಿನ ಮೃದ್ವಸ್ಥಿಯ ಉಂಗುರ, ಕೀಲನ್ನು ಆವರಿಸಿದ ಚೀಲ, ಅಸ್ಥಿರಜ್ಜುಗಳು ಮತ್ತು ಸುತ್ತಲಿನ 4 ಸ್ನಾಯುಗಳು ಈ ಕೊರತೆಯನ್ನು ತುಂಬುತ್ತವೆ.

ಚಲನೆ

ಕೈಯನ್ನು 180 ಡಿಗ್ರಿಯಷ್ಟು ಮೇಲಕ್ಕೆತ್ತುವಾಗ ಸುಮಾರು 120 ಡಿಗ್ರಿ ಚಲನೆ ಭುಜದ ಕೀಲಿನಲ್ಲಿಯೂ, ಉಳಿದ 60 ಡಿಗ್ರಿ ಹೆಗಲೆಲುಬು ಪಕ್ಕೆಲುಬುಗಳ ಮೇಲೆ ಸರಿಯುವುದರಿಂದಲೂ ಉಂಟಾಗುತ್ತದೆ. ಆಗ ಸ್ನಾಯುರಜ್ಜುಗಳು ಹೆಗಲಿನ ಮೇಲ್ಭಾಗದ ಮೂಳೆಯ ಅಡಿಯಲ್ಲಿ ಇಕ್ಕಟ್ಟಾದ ಜಾಗದಲ್ಲಿ ಚಲಿಸುತ್ತವೆ. ದೀರ್ಘಕಾಲ ಕೈ ಎತ್ತಿ ದುಡಿಯುವವರಲ್ಲಿ ಇವು ಸವೆಯಬಹುದು. ಕೈ ಎತ್ತುವಾಗ ಹಾಗೂ ರಾತ್ರಿ ಆ ಮಗ್ಗುಲಿಗೆ ಮಲಗಿದಾಗ ನೋವು ಇದರ ಲಕ್ಷಣ. ಕೆಲಸದ ನಡುವೆ ಬಿಡುವು ನೀಡುವುದು ಸೂಕ್ತ.

ಕೀಲು ತಪ್ಪಿದಾಗ

ಮರದಿಂದ ಬಿದ್ದಾಗ ಅಥವಾ ಜಾರುವಾಗ ಕೈ ಜಗ್ಗಿದಾಗ ಮೂಳೆಯ ತಲೆಯು ಬಟ್ಟಲಿನಿಂದ, ಸಾಮಾನ್ಯವಾಗಿ ಮುಂಭಾಗಕ್ಕೆ, ಹೊರಬರುತ್ತದೆ. ಭುಜದ ದುಂಡಗಿನ ಆಕಾರ ಹೋಗಿ ಚಪ್ಪಟೆಯಾಗಿ ಕಾಣುತ್ತದೆ.

* ಕೈಯನ್ನು ಎಳೆದು ಅಥವಾ ತಿರುವಿ ಕೂರಿಸಲು ಪ್ರಯತ್ನಿಸಬಾರದು. ಕೀಲಿನ ಸಮೀಪವೇ ನರ ಮತ್ತು ರಕ್ತನಾಳಗಳು ಹಾದುಹೋಗುತ್ತವೆ, ಮೂಳೆಯೂ ಮುರಿದಿರಬಹುದು.
* ಕೈ ಇರುವ ಸ್ಥಿತಿಯಲ್ಲಿಯೇ ಪಂಚೆ ಅಥವಾ ಟವೆಲಿನಿಂದ ಜೋಳಿಗೆ ಕಟ್ಟಿ ಆಸ್ಪತ್ರೆಗೆ ಕರೆದೊಯ್ಯಬೇಕು. ಕ್ಷ-ಕಿರಣ ಪರೀಕ್ಷೆಯ ನಂತರ ವೈದ್ಯರು ಕೀಲನ್ನು ಕೂರಿಸುತ್ತಾರೆ.
* ಎತ್ತರದಿಂದ ಬಿದ್ದವರ ಕುತ್ತಿಗೆ ಅಥವಾ ಬೆನ್ನಿಗೆ ಪೆಟ್ಟಾಗಿರುವ ಸಂಶಯವಿದ್ದಲ್ಲಿ ಅಲುಗಾಡಿಸದೆ 108ಕ್ಕೆ ಕರೆ ಮಾಡಬೇಕು.
* ಕೈ ಅಥವಾ ಭುಜ ಜೋಮು ಹಿಡಿದಿದ್ದಲ್ಲಿ, ಬೆರಳು ತಣ್ಣಗಾಗಿದ್ದಲ್ಲಿ ವೈದ್ಯರಿಗೆ ತಿಳಿಸಬೇಕು.

ಒಮ್ಮೆ ತಪ್ಪಿದ ಕೀಲು ಮತ್ತೆ ತಪ್ಪುವ ಸಾಧ್ಯತೆ ಯುವಕರಲ್ಲಿ ಹೆಚ್ಚು. ಆದುದರಿಂದ ನೋವು ಇಳಿದ ಮಾತ್ರಕ್ಕೆ ಮರವೇರಬಾರದು. ವೈದ್ಯರು ಸೂಚಿಸಿದ ವ್ಯಾಯಾಮಗಳಿಂದ ಸ್ನಾಯುಗಳು ಬಲಗೊಂಡ ನಂತರ, ಅವರ ಸಲಹೆಯಂತೆ ಕೆಲಸಕ್ಕೆ ಮರಳಬೇಕು.