ಸಿ.ಸಿ.ಎನ್.ಎ. ಆಯಿತು, ಮುಂದೆ ಯಾವುದು?

ಟಿಕೋಟಾ, ಬಬಲೇಶ್ವರದ ಕಡೆಯಿಂದ ವಿಜಯಪುರಕ್ಕೆ ಬಂದು ಎಂಜಿನಿಯರಿಂಗ್ ಓದಿ, ಸಿ.ಸಿ.ಎನ್.ಎ. ಪರೀಕ್ಷೆಯನ್ನೂ ಮುಗಿಸಿದ್ದೀರಿ ಎಂದಿಟ್ಟುಕೊಳ್ಳಿ. ಮುಂದೆ ಯಾವ ಪ್ರಮಾಣಪತ್ರ? ಪರೀಕ್ಷಾ ಶುಲ್ಕ ಹಗುರವಲ್ಲ. ಸಿಸ್ಕೊ ಪ್ರಮಾಣಪತ್ರದ ಆಯುಷ್ಯ ಮೂರೇ ವರ್ಷ. ಆದ್ದರಿಂದ ಇವುಗಳ ಚರಿತ್ರೆಯನ್ನು ಸ್ವಲ್ಪ ನೋಡುವುದು ಒಳ್ಳೆಯದು.

1990ರ ದಶಕದ ಆರಂಭದಲ್ಲಿ ನೊವೆಲ್ ಕಂಪನಿಯ ಸಿ.ಎನ್.ಇ. ಪ್ರಮಾಣಪತ್ರಕ್ಕೆ ಬಹಳ ಬೆಲೆಯಿತ್ತು. ಎಷ್ಟೋ ಕಚೇರಿಗಳಲ್ಲಿ ಕಂಪ್ಯೂಟರುಗಳನ್ನು ಜೋಡಿಸುತ್ತಿದ್ದುದು ಅದೇ ಕಂಪನಿಯ ನೆಟ್‌ವೇರ್ ತಂತ್ರಾಂಶ; ಅದರ ಪ್ರೋಟೋಕಾಲ್ ಐ.ಪಿ.ಎಕ್ಸ್. ಅಂತರಜಾಲ ಹಬ್ಬಿದಂತೆ ಟಿ.ಸಿ.ಪಿ./ಐ.ಪಿ. ಮೇಲುಗೈ ಪಡೆಯಿತು. 1998ರ ನೆಟ್‌ವೇರ್ 5ರಲ್ಲಿ ನೊವೆಲ್ ಕೂಡ ಅದನ್ನೇ ಮುಖ್ಯವಾಗಿ ಅಳವಡಿಸಿಕೊಂಡಿತು. ಐ.ಪಿ.ಎಕ್ಸ್. ಅನ್ನು ಕಷ್ಟಪಟ್ಟು ಕಲಿತವರಿಗೆ ಆ ಕಲಿಕೆ ಮುಂದೆ ಕೆಲಸಕ್ಕೆ ಬರಲಿಲ್ಲ.

ಸಿಸ್ಕೊ ಕಂಪನಿಯ ಸಿ.ಸಿ.ಐ.ಇ. 1993ರಲ್ಲಿ ಆರಂಭವಾಯಿತು. ಅದರ ಕ್ರಮಸಂಖ್ಯೆಗಳು ಸ್ವಾರಸ್ಯಕರ. 1024, ಅಂದರೆ ಎರಡರ ಹತ್ತನೆಯ ಘಾತ, ಪ್ರಯೋಗಾಲಯದ ಕೋಣೆಗೇ ಮೀಸಲಾಯಿತು! 1025 ಪರೀಕ್ಷೆಯನ್ನು ರೂಪಿಸಿದ ಸ್ಟುವರ್ಟ್ ಬಿಗ್ಸ್ ಅವರದು. 1026 ಅದರಲ್ಲಿ ಮೊದಲು ತೇರ್ಗಡೆಯಾದ ಟೆರಿ ಸ್ಲಾಟರಿ ಅವರದು. ಎರಡು ದಿನಗಳ ಪ್ರಯೋಗ ಪರೀಕ್ಷೆ 2001ರಲ್ಲಿ ಒಂದು ದಿನಕ್ಕಿಳಿಯಿತು. ವ್ಯಾನ್ ಸ್ವಿಚಿಂಗ್, ಐ.ಎಸ್.ಪಿ. ಡಯಲ್ ಎಂಬ ಶಾಖೆಗಳು ಬಂದವು, ನಿಂತೂ ಹೋದವು. ರೂಟಿಂಗ್ ಶಾಖೆಗೆ 2020ರ ಫೆಬ್ರವರಿಯಲ್ಲಿ ಎಂಟರ್‌ಪ್ರೈಸ್ ಎಂಬ ಹೊಸ ಹೆಸರು ಬಂದರೂ ಅದರ ತಿರುಳು ಉಳಿಯಿತು. ಕಾರಣವಿದೆ. ಅಲ್ಲಿ ಕಲಿಯುವ ಓ.ಎಸ್.ಪಿ.ಎಫ್. ಕನಿಷ್ಠ ವೆಚ್ಚದ ದಾರಿಯನ್ನು ಹುಡುಕುವುದು ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ಕ್ರಮವಿಧಿಯಿಂದ. ರೂಟರ್ ಯಾವ ಕಂಪನಿಯದಾದರೂ ಈ ಗಣಿತ ಬದಲಾಗದು.

ನಮ್ಮ ಊರಿನದೇ ಒಂದು ಜಾಲವನ್ನು ನೋಡಿ. ಆದಿಲಶಾಹಿಗಳ ಕಾಲದಲ್ಲಿ ತೊರವಿಯ ಕಡೆಯಿಂದಲೂ, 1651ರಲ್ಲಿ ಕಟ್ಟಿದ ಬೇಗಂ ತಲಾಬದಿಂದಲೂ ನಗರಕ್ಕೆ ನೀರು ಬರುತ್ತಿತ್ತು. ತಲಾಬದ ನೀರು ಹರಿದದ್ದು ಸುಟ್ಟ ಮಣ್ಣಿನ ಕೊಳವೆಗಳಲ್ಲಿ. ಒತ್ತಡಕ್ಕೆ ಕೊಳವೆ ಒಡೆಯದಂತೆ ನಡುನಡುವೆ ಗಂಜ್ ಎಂಬ ಗೋಪುರಗಳನ್ನು ಕಟ್ಟಿದ್ದರು. ಇಂದು ಟಿಕೋಟಾದ ದ್ರಾಕ್ಷಿ ತೋಟದಲ್ಲಿರುವುದು ಪ್ಲಾಸ್ಟಿಕ್ ಕೊಳವೆ. ಒತ್ತಡದ ಲೆಕ್ಕ ಮಾತ್ರ ಅದೇ.

ಈಗ ಆಯ್ಕೆಗೆ ಬರೋಣ. 2020ರ ಬದಲಾವಣೆಯ ನಂತರ ಸಿ.ಸಿ.ಎನ್.ಪಿ. ಎಂಟರ್‌ಪ್ರೈಸ್‌ಗೆ ಒಂದು ಮೂಲ ಪರೀಕ್ಷೆ, ಒಂದು ವಿಶೇಷ ಪರೀಕ್ಷೆ. ಆ ಮೂಲ ಪರೀಕ್ಷೆಯೇ ಸಿ.ಸಿ.ಐ.ಇ. ಎಂಟರ್‌ಪ್ರೈಸ್‌ನ 8 ಗಂಟೆಗಳ ಪ್ರಯೋಗ ಪರೀಕ್ಷೆಗೂ ಅರ್ಹತೆ ಕೊಡುತ್ತದೆ. ಹಾಗಾಗಿ ಅದನ್ನೇ ಮೊದಲು ಬರೆಯುವುದು ಲೇಸೆಂದು ನನ್ನ ಅಭಿಪ್ರಾಯ. ವಿಶೇಷ ವಿಷಯವಾಗಿ ಉನ್ನತ ರೂಟಿಂಗ್ ಆರಿಸಿಕೊಂಡರೆ ಅಲ್ಲಿನ ಓ.ಎಸ್.ಪಿ.ಎಫ್., ಬಿ.ಜಿ.ಪಿ. ಜ್ಞಾನ ನಾಳೆ ಜುನಿಪರ್ ಪರೀಕ್ಷೆಗೂ ಒದಗುತ್ತದೆ. ಸ್ವಯಂಚಾಲನೆಯತ್ತ ಒಲವಿದ್ದವರು ಪೈಥಾನ್ ಕಲಿಯಲಿ. ಆದರೆ 2020ರ ಡೆವ್‌ನೆಟ್ ಪ್ರಮಾಣಪತ್ರಕ್ಕೆ ಆಟೊಮೇಷನ್ ಎಂದು ಮರುನಾಮಕರಣ ಮಾಡುವುದಾಗಿ ಸಿಸ್ಕೊ 2025ರಲ್ಲೇ ಪ್ರಕಟಿಸಿತೆಂಬುದು ನೆನಪಿರಲಿ.

ಶುಲ್ಕ ತುಂಬುವ ಮುನ್ನ ಪಠ್ಯಸೂಚಿಯನ್ನು ಮುಂದಿಟ್ಟುಕೊಂಡು, ಕಂಪನಿಯ ಸರಕುಗಳ ಹೆಸರಿರುವ ಸಾಲುಗಳನ್ನು ಪೆನ್ಸಿಲಿನಿಂದ ಹೊಡೆದುಹಾಕಿ. ಉಳಿದ ಸಾಲುಗಳನ್ನು ಎಣಿಸಿ.